ಊರು ಬಿಡುವವರ ರೆಕಾರ್ಡುಗಳು

ಯೂನಿವರ್ಸಿಟಿ ಪಕ್ಕದ ರೆಕಾರ್ಡ್ ಅಂಗಡಿಗೆ ಸುಗ್ಗಿ ಯಾವಾಗ ಗೊತ್ತಾ? ಹೊಸ ಹುಡುಗರು ಬಂದು ಸೇರುವ ತಿಂಗಳಲ್ಲ. ರಜೆಯಲ್ಲೂ ಅಲ್ಲ. ಕೊನೆಯ ಪರೀಕ್ಷೆ ಮುಗಿದು ಹಾಸ್ಟೆಲ್ ರೂಮು ಖಾಲಿ ಮಾಡಲು ಎರಡು ಮೂರು ದಿನ ಉಳಿದಿರುತ್ತದಲ್ಲ, ಆಗ. ಆ ವಾರ ನಾವು ಬಾಗಿಲು ತೆಗೆಯುವ ಮೊದಲೇ ಹೊರಗೆ ಸಾಲು ನಿಂತಿರುತ್ತಿತ್ತು. ಎಲ್ಲರ ಕಾಲ ಬಳಿಯೂ ರಟ್ಟಿನ ಪೆಟ್ಟಿಗೆ. ಅವರು ಕೊಳ್ಳಲು ಬಂದವರಲ್ಲ, ಮಾರಲು ಬಂದವರು.

ಓದುವಾಗಲೂ, ಓದು ಮುಗಿದ ಮೇಲೆ ಇನ್ನೊಂದಿಷ್ಟು ವರ್ಷವೂ ಅಂಥ ಎರಡು ಅಂಗಡಿಗಳಲ್ಲಿ ನಾನು ಕೆಲಸ ಮಾಡಿದೆ. ತೊಂಬತ್ತರ ದಶಕ ಮುಗಿದು ಹೊಸ ಶತಮಾನ ಶುರುವಾಗುವ ಹೊತ್ತು. ಯಾವ ಕಂಪನಿಯ ಸರಪಳಿ ಮಳಿಗೆಗಳೂ ಅಲ್ಲ, ಒಬ್ಬೊಬ್ಬ ಮಾಲೀಕರು ಸ್ವಂತವಾಗಿ ನಡೆಸುತ್ತಿದ್ದ ಅಂಗಡಿಗಳು. ಮೊದಲನೆಯದು ಉದ್ದಕ್ಕೆ, ಸಪೂರವಾಗಿ ಇತ್ತು. ಎದುರಿನಿಂದ ಒಬ್ಬರು ಬಂದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕು. ಎರಡನೆಯದು ದೊಡ್ಡದು, ಮಹಡಿಯ ಮೇಲೆ. ಆ ಮೆಟ್ಟಿಲುಗಳ ಬಗ್ಗೆ ಆಮೇಲೆ ಹೇಳುತ್ತೇನೆ. ಅಥವಾ ಬೇಡ, ಹೇಳುವಂಥದ್ದೇನಿಲ್ಲ. ಬಹಳ ಕಡಿದಾಗಿದ್ದವು ಅಷ್ಟೇ.

ರೆಕಾರ್ಡ್ ಅಂಗಡಿಯ ಕೆಲಸ ಅಂದ ಕೂಡಲೇ ಜನ ಒಂದು ಚಿತ್ರ ಕಟ್ಟಿಕೊಳ್ಳುತ್ತಾರೆ. ಕೌಂಟರ್ ಹಿಂದೆ ಒಬ್ಬ ಹುಡುಗ, ಗಿರಾಕಿ ಕೇಳಿದ ಬ್ಯಾಂಡಿನ ಹೆಸರಿಗೆ ಮೂಗು ಮುರಿಯುವವನು. ಅಂಥವರೂ ಇದ್ದರು, ಸುಳ್ಳಲ್ಲ. ಆದರೆ ದಿನದ ಮುಕ್ಕಾಲು ಪಾಲು ಕೆಲಸ ಬೇರೆಯೇ. ಪೆಟ್ಟಿಗೆ ಎತ್ತುವುದು, ಧೂಳು ಒರೆಸುವುದು, ಕವರುಗಳಿಗೆ ಪ್ಲಾಸ್ಟಿಕ್ ಹಾಕುವುದು, ಗಿರಾಕಿಗಳು ಎಲ್ಲೆಲ್ಲೋ ಸಿಕ್ಕಿಸಿ ಹೋದದ್ದನ್ನು ಮತ್ತೆ ಅದರ ಅಕ್ಷರದ ಜಾಗಕ್ಕೆ ತರುವುದು. ಮೂಗು ಮುರಿಯಲು ಪುರುಸೊತ್ತು ಸಿಗುತ್ತಿದ್ದದ್ದು ಮಧ್ಯಾಹ್ನ ಮಾತ್ರ.

ಈ ವ್ಯಾಪಾರದ ಗುಟ್ಟೆಲ್ಲ ಇರುವುದು ತೂಕದಲ್ಲಿ. ಹನ್ನೆರಡು ಇಂಚಿನ ಒಂದು ಎಲ್‌ಪಿ ರೆಕಾರ್ಡು ಸಾಮಾನ್ಯವಾಗಿ 120ರಿಂದ 180 ಗ್ರಾಂ ತೂಗುತ್ತದೆ. ಅದರ ಮೇಲೆ ರಟ್ಟಿನ ಕವರ್. ನೂರು ಸೇರಿದರೆ ಇಪ್ಪತ್ತು ಕಿಲೋ ಸುಮ್ನೆ ದಾಟುತ್ತದೆ. ಸ್ವಂತ ಮನೆ ಇದ್ದವರಿಗೆ ಇದೇನು ದೊಡ್ಡದಲ್ಲ, ಒಂದು ಕಪಾಟು ಮಾಡಿಸಿದರೆ ಮುಗಿಯಿತು. ಓದುವ ಹುಡುಗರ ಕಥೆ ಬೇರೆ. ಮೂರೋ ನಾಲ್ಕೋ ವರ್ಷ ಆ ಊರಲ್ಲಿ ಇರುತ್ತಾರೆ. ಆ ವಯಸ್ಸಿನಲ್ಲಿ ಸಂಗೀತದ ಹುಚ್ಚು ಜಾಸ್ತಿ. ಕೈಗೆ ಬಂದ ದುಡ್ಡೆಲ್ಲ ಅದಕ್ಕೇ. ಆಮೇಲೆ ಒಂದು ದಿನ ದೂರದಲ್ಲಿ ಕೆಲಸ ಸಿಗುತ್ತದೆ, ಇಲ್ಲ ಇನ್ನೊಂದು ಕಡೆ ಸೀಟು ಸಿಗುತ್ತದೆ. ಬಟ್ಟೆ, ಪುಸ್ತಕ, ರೆಕಾರ್ಡು. ಎಲ್ಲವನ್ನೂ ಹೊರಲು ಆಗುವುದಿಲ್ಲ. ಬಟ್ಟೆ ಬಿಟ್ಟು ಹೋಗುವಂತಿಲ್ಲ.

ಬೇರೆ ಕಡೆಯ ಅಂಗಡಿಗೆ ಒಳ್ಳೆಯ ಸಂಗ್ರಹ ಬರಬೇಕಾದರೆ ಯಾರಾದರೂ ಸಾಯಬೇಕು, ಇಲ್ಲವೇ ಗಂಡ ಹೆಂಡತಿ ಬೇರೆಯಾಗಬೇಕು. ಒರಟು ಮಾತು. ಆದರೆ ಸೆಕೆಂಡ್ ಹ್ಯಾಂಡ್ ವ್ಯಾಪಾರ ಮಾಡಿದವರು ಯಾರೂ ಇದನ್ನು ಇಲ್ಲ ಅನ್ನುವುದಿಲ್ಲ. ನಮಗೆ ಅದಕ್ಕೆಲ್ಲ ಕಾಯುವ ಅಗತ್ಯ ಇರಲಿಲ್ಲ. ವರ್ಷ ವರ್ಷ ಒಂದು ಗುಂಪು ಹೋಗುತ್ತಿತ್ತು, ಇನ್ನೊಂದು ಗುಂಪು ಬರುತ್ತಿತ್ತು. ಹೋದವರು ಬಿಟ್ಟದ್ದನ್ನು ಬಂದವರು ಕೊಳ್ಳುತ್ತಿದ್ದರು. ನಾವೇ ಅಂಟಿಸಿದ ಬೆಲೆ ಚೀಟಿ ಹೊತ್ತುಕೊಂಡೇ ಕೆಲವು ರೆಕಾರ್ಡುಗಳು ಎರಡನೇ ಸಲ, ಮೂರನೇ ಸಲ ಕೌಂಟರಿಗೆ ವಾಪಸ್ ಬಂದದ್ದುಂಟು. ಪ್ರತಿ ಸಲವೂ ಒಂದು ಹೊಸ ಗೀರು, ಕವರಿನ ಮೂಲೆಯಲ್ಲಿ ಒಂದು ಹೊಸ ಹೆಸರು.

ಹೊಸ ಮಾಲಿನಲ್ಲಿ ಅಂಗಡಿಗೆ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೇ. ಕಂಪನಿಗೊಂದು ಪಾಲು, ವಿತರಕರಿಗೊಂದು ಪಾಲು. ಅದರ ಮೇಲೆ, ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳು ಹೊಸ ಸಿಡಿಗಳನ್ನು ನಷ್ಟಕ್ಕೇ ಮಾರುತ್ತಿದ್ದವು. ಸಿಡಿಗೆ ಅಂತ ಬಂದವನು ಟಿವಿ, ಫ್ರಿಜ್ಜು ನೋಡಿಕೊಂಡು ಹೋಗಲಿ ಅನ್ನುವ ಲೆಕ್ಕ. ನಮ್ಮ ಹತ್ತಿರ ಫ್ರಿಜ್ಜು ಇರಲಿಲ್ಲ. ಬಾಡಿಗೆ ಕಟ್ಟುತ್ತಿದ್ದದ್ದು, ಸಂಬಳ ಕೊಡುತ್ತಿದ್ದದ್ದು ಆ ರಟ್ಟಿನ ಪೆಟ್ಟಿಗೆಗಳೇ.

ಇದು ದೊಡ್ಡ ಕಂಪನಿಗಳಿಗೂ ಗೊತ್ತಿತ್ತು, ಹೊಟ್ಟೆಯಲ್ಲಿ ಕಿಚ್ಚೂ ಇತ್ತು. 1993ರಲ್ಲಿ ಅಮೆರಿಕದಲ್ಲಿ ಕೆಲವು ದೊಡ್ಡ ವಿತರಣಾ ಕಂಪನಿಗಳು, ಹಳೆಯ ಸಿಡಿ ಮಾರುವ ಅಂಗಡಿಗಳಿಗೆ ಜಾಹೀರಾತಿನ ಪಾಲು ಹಣ ಕೊಡುವುದಿಲ್ಲ ಅಂತ ಹಟ ಹಿಡಿದವು. ಆಗ ಕಂಟ್ರಿ ಸಂಗೀತದಲ್ಲಿ ಎಲ್ಲರಿಗಿಂತ ಜಾಸ್ತಿ ಮಾರಾಟವಾಗುತ್ತಿದ್ದ ಗಾರ್ತ್ ಬ್ರೂಕ್ಸ್, ತನ್ನ ಹೊಸ ಆಲ್ಬಮ್ ಅಂಥ ಅಂಗಡಿಗಳಿಗೆ ಹೋಗಕೂಡದು ಅಂದರು. ಹಾಡಿದವರಿಗೆ ಎರಡನೇ ಮಾರಾಟದಲ್ಲಿ ಬಿಡಿಗಾಸೂ ಸಿಗುವುದಿಲ್ಲ ಅನ್ನುವುದು ಅವರ ವಾದ. ವಾದದಲ್ಲಿ ತಿರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಒಮ್ಮೆ ದುಡ್ಡು ಕೊಟ್ಟು ಕೊಂಡ ವಸ್ತು ಕೊಂಡವನದ್ದು, ಅದನ್ನು ಮಾರುವುದು ಅವನ ಹಕ್ಕು. ಅಂಗಡಿಗಳು ಕೋರ್ಟಿಗೆ ಹೋದವು. ಕಂಪನಿಗಳು ಹಿಂದೆ ಸರಿದವು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಇದು ಹಳೆಯ ಕಥೆ. ಆದರೂ ಮಾಲೀಕರು ಅದನ್ನು ನಿನ್ನೆ ಮೊನ್ನೆ ನಡೆದ ಜಗಳ ಎಂಬಂತೆ ಹೇಳುತ್ತಿದ್ದರು.

ನನಗೆ ಮಾಲು ನೋಡಿ ಕೊಳ್ಳುವುದನ್ನು ಕಲಿಸಿದವರು ಅವರೇ, ಮೊದಲ ಅಂಗಡಿಯ ಮಾಲೀಕರು. ಮಾತು ಕಮ್ಮಿ. ಕಲಿಸುತ್ತಿದ್ದೇನೆ ಅಂತ ಒಂದು ದಿನವೂ ಹೇಳಿದವರಲ್ಲ. ಪೆಟ್ಟಿಗೆ ಬಂದರೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು, ಅಷ್ಟೇ.

“ಮೇಲಿನ ಹತ್ತು ಬಿಡು. ತಳದಿಂದ ನೋಡು.”

“ಯಾಕೆ?”

“ಮೇಲಿನದ್ದು ನಿನಗೆ ತೋರಿಸೋಕೆ ಅಂತ ಇಟ್ಟಿರೋದು. ತಳದ್ದು ಅವರು ದಿನಾ ಕೇಳಿದ್ದು.”

ತಳದಿಂದ ಒಂದನ್ನು ಎಳೆಯುತ್ತಿದ್ದರು. ಕವರಿನ ಬೆನ್ನು, ಮೂಲೆ, ಅಂಚು ನೋಡುತ್ತಿದ್ದರು. ಮೂಸುತ್ತಿದ್ದರು. ಹೌದು, ಮೂಸುತ್ತಿದ್ದರು. ನೆಲಮಾಳಿಗೆಯ ತೇವ ಕುಡಿದ ರಟ್ಟಿನ ವಾಸನೆ ಪಕ್ಕದ ರೆಕಾರ್ಡುಗಳಿಗೂ ಹತ್ತುತ್ತದೆ, ಬಿಡಿಸಲು ಆಗುವುದಿಲ್ಲ. ಆಮೇಲೆ ರೆಕಾರ್ಡನ್ನು ಹೊರಗೆ ತೆಗೆಯುವುದು. ಬೆರಳು ಅಂಚಿಗೆ ಮತ್ತು ನಡುವಿನ ಲೇಬಲ್ಲಿಗೆ ಮಾತ್ರ ತಾಗಬೇಕು. ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಬೇಕು. ಕೂದಲೆಳೆಯಂಥ ಗೀರುಗಳು ಕಣ್ಣಿಗೆ ಕಾಣುತ್ತವೆ, ಕಿವಿಗೆ ಕೇಳುವುದಿಲ್ಲ. ಉಗುರಿಗೆ ಸಿಗುವ ಗೀರು ಮಾತ್ರ ಖಂಡಿತ ಟಿಕ್ ಟಿಕ್ ಅನ್ನುತ್ತದೆ. ಕಪ್ಪು ಮೈ ಬೂದು ಬಣ್ಣಕ್ಕೆ ತಿರುಗಿದೆಯಾ? ಹಾಗಾದರೆ ಸವೆದ ಮುಳ್ಳು ಹಾಕಿ ಉಜ್ಜಿದ್ದಾರೆ ಅಂತ. ಗೀರೇ ಇಲ್ಲದಿದ್ದರೂ ಅದರ ದನಿ ಹೋಗಿರುತ್ತದೆ.

ಅವರು ಕೊನೆಗೆ ನೋಡುತ್ತಿದ್ದದ್ದು ನಡುವಿನ ತೂತಿನ ಸುತ್ತಲ ಜಾಗ. ರೆಕಾರ್ಡನ್ನು ಯಂತ್ರದ ಮೇಲಿಡುವಾಗ ತೂತು ಕಡ್ಡಿಗೆ ಒಂದೇ ಸಲಕ್ಕೆ ಸಿಗುವುದಿಲ್ಲ, ಅಲ್ವಾ? ಕಡ್ಡಿಯ ತುದಿ ಲೇಬಲ್ ಮೇಲೆ ಸವರಿ ಸಣ್ಣ ಗೆರೆ ಬೀಳುತ್ತದೆ. ಗೆರೆ ಜಾಸ್ತಿ ಇದ್ದಷ್ಟೂ ಜಾಸ್ತಿ ಸಲ ಹಾಕಿದ್ದಾರೆ. ಕತ್ತಲಲ್ಲಿ ಹಾಕಿದ್ದಾರೆ, ಆತುರದಲ್ಲಿ ಹಾಕಿದ್ದಾರೆ. ‘ಒಂದೇ ಒಂದು ಸಲ ಕೇಳಿದ್ದೇನೆ’ ಅನ್ನುವ ಮಾರಾಟಗಾರನ ಮಾತನ್ನು ಮಾಲೀಕರು ಆ ಗೆರೆಗಳ ಜೊತೆ ತಾಳೆ ಹಾಕುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಬೆಲೆ ಮಾತ್ರ ಇಳಿಯುತ್ತಿತ್ತು.

ದರ್ಜೆ ಹಾಕಲು ಎಲ್ಲ ಕಡೆ ಬಳಕೆಯಲ್ಲಿದ್ದದ್ದು ಗೋಲ್ಡ್‌ಮೈನ್ ಪತ್ರಿಕೆಯ ಅಳತೆ. ಮಿಂಟ್ ಅಂದರೆ ಹೊಚ್ಚಹೊಸದು, ಆಮೇಲೆ ನಿಯರ್ ಮಿಂಟ್, ವಿಜಿ (ವೆರಿ ಗುಡ್) ಪ್ಲಸ್, ವಿಜಿ, ಹೀಗೆ ಕೆಳಗಿಳಿಯುತ್ತದೆ. ವಿಜಿ ಪ್ಲಸ್‌ಗೆ ನಿಯರ್ ಮಿಂಟ್‌ನ ಅರ್ಧ ಬೆಲೆ, ವಿಜಿಗೆ ಕಾಲು. ಒಂದೇ ಒಂದು ಗೀರಿಗೆ ಅರ್ಧ ಬೆಲೆ ಹೋಗುತ್ತದೆ ಅಂದರೆ ಜಗಳ ಆಗದೇ ಇರುತ್ತದಾ? ದಿನಾ ಆಗುತ್ತಿತ್ತು. ಮಿಂಟ್ ಅಂತ ನಾವು ಯಾವುದಕ್ಕೂ ಬರೆಯುತ್ತಿರಲಿಲ್ಲ. ಕವರಿನಿಂದ ಹೊರಗೆ ಬಂದ ಕ್ಷಣವೇ ಅದು ಮಿಂಟ್ ಅಲ್ಲ ಅನ್ನುವುದು ಮಾಲೀಕರ ನಿಲುವು.

ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಒಂದು ಖಾಲಿ ಪಟ್ಟಿ ಉಳಿಯುತ್ತದೆ. ಅದನ್ನು ಓದಲು ಕಲಿತದ್ದು ನನಗೆ ಅಲ್ಲಿನ ದೊಡ್ಡ ಸಂತೋಷ. ಅಲ್ಲಿ ಅಚ್ಚಿನ ನಂಬರು ಕೆತ್ತಿರುತ್ತದೆ. ಮೊದಲ ಅಚ್ಚೋ, ಹತ್ತು ವರ್ಷ ಬಿಟ್ಟು ಒತ್ತಿದ್ದೋ ಅನ್ನುವುದಕ್ಕೆ ಅದೇ ಸಾಕ್ಷಿ. ಕವರ್ ಸುಳ್ಳು ಹೇಳಬಹುದು, ಯಾವ ರೆಕಾರ್ಡನ್ನು ಯಾವ ಕವರಿಗಾದರೂ ತುರುಕಬಹುದು. ಆ ಪಟ್ಟಿ ಸುಳ್ಳು ಹೇಳುವುದಿಲ್ಲ. ಬ್ಲೂ ನೋಟ್ ಕಂಪನಿಯ ಹಳೆಯ ಜಾಜ್ ರೆಕಾರ್ಡಿನಲ್ಲಿ ರೂಡಿ ವ್ಯಾನ್ ಗೆಲ್ಡರ್ ಹೆಸರಿನ ಮೂರು ಅಕ್ಷರದ ಗುರುತು ಸಿಕ್ಕಿದರೆ ಕೊಳ್ಳುವವರ ಉಸಿರೇ ಬದಲಾಗುತ್ತಿತ್ತು. ರೆಕಾರ್ಡಿಂಗ್ ಮಾಡಿದವರೇ ಅಚ್ಚಿನ ತಾಯಿಪ್ರತಿಯನ್ನೂ ಕೊರೆದಿದ್ದಾರೆ ಅನ್ನುವುದಕ್ಕೆ ಅದು ಮುದ್ರೆ. ಇಂಗ್ಲೆಂಡಿನ ಜಾರ್ಜ್ ಪೆಕಮ್ ಅನ್ನುವವರು ತಾನು ಕೊರೆದ ರೆಕಾರ್ಡುಗಳ ಆ ಪಟ್ಟಿಯಲ್ಲಿ ‘ಎ ಪೋರ್ಕಿ ಪ್ರೈಮ್ ಕಟ್’ ಅಂತ ಗೀಚಿಬಿಡುತ್ತಿದ್ದರು. ಬಲ್ಬಿನ ಕೆಳಗೆ ಓರೆ ಹಿಡಿದಾಗ ಮಾತ್ರ ಕಾಣುವ ತಮಾಷೆ. ಕೊಂಡ ಜನರಲ್ಲಿ ಎಷ್ಟೋ ಮಂದಿ ಅದನ್ನು ನೋಡಿರಲಿಕ್ಕೇ ಇಲ್ಲ.

ಕವರಿನ ಒಳಗೆ ಸಿಗುತ್ತಿದ್ದ ವಸ್ತುಗಳದ್ದು ಇನ್ನೊಂದು ಲೋಕ. ಬಸ್ ಟಿಕೆಟ್, ಲಾಂಡ್ರಿ ಚೀಟಿ, ಪರೀಕ್ಷೆಯ ವೇಳಾಪಟ್ಟಿ, ಅರ್ಧಕ್ಕೆ ಬಿಟ್ಟ ಕ್ಯಾಲ್ಕ್ಯುಲಸ್ ಲೆಕ್ಕ. ಪ್ರೀತಿಯ ಪತ್ರಗಳೂ ಸಿಗುತ್ತಿದ್ದವು. ಪತ್ರ ಸಿಕ್ಕಿದರೆ ಓದದೆ ಎತ್ತಿಟ್ಟು, ಮಾರಿದವರಿಗೆ ಫೋನ್ ಮಾಡುವುದು ಅಂಗಡಿಯ ಪದ್ಧತಿ. ಮಾರಿದವರ ವಿವರ ನಮ್ಮಲ್ಲಿ ಇರುತ್ತಿತ್ತು. ಕದ್ದ ಮಾಲು ಬರಬಾರದು ಅಂತ ಗುರುತಿನ ಚೀಟಿ ನೋಡಿ ಬರೆದುಕೊಳ್ಳುತ್ತಿದ್ದೆವು. ಲೈಬ್ರರಿಯ ಮುದ್ರೆಯೋ ಕಾಲೇಜು ರೇಡಿಯೋದ ಮುದ್ರೆಯೋ ಇದ್ದರೆ ವಾಪಸ್. ಓದದೆ ಎತ್ತಿಡುವುದು ಅಂದೆನಲ್ಲ, ಅದು ಪದ್ಧತಿ. ಎಲ್ಲರೂ ಪಾಲಿಸುತ್ತಿದ್ದರು ಅಂತ ನಾನು ಪ್ರಮಾಣ ಮಾಡಲಾರೆ.

ಒಂದು ಸಂಗ್ರಹ ಮಾತ್ರ ಬೇರೆ ಥರ. ನಿವೃತ್ತ ಪ್ರೊಫೆಸರ್ ಒಬ್ಬರು ತೀರಿಕೊಂಡಿದ್ದರು. ಮಕ್ಕಳು ಕರೆದರು ಅಂತ ನಾನೂ ಮಾಲೀಕರೂ ಮನೆಗೆ ಹೋದೆವು. ಒಂದು ಇಡೀ ಗೋಡೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಹೆಚ್ಚಿನದ್ದು ಪಿಯಾನೋ. ಪ್ರತಿ ಕವರಿನ ಒಳಗೂ ಒಂದು ಸಣ್ಣ ಚೀಟಿ. ಕೇಳಿದ ತಾರೀಕು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಸಾಲು. ‘ವೇಗ ಜಾಸ್ತಿ.’ ಕೆಲವು ವರ್ಷ ಬಿಟ್ಟು, ‘ವೇಗ ಸರಿಯಾಗಿಯೇ ಇದೆ.’ ಇನ್ನೊಂದರಲ್ಲಿ, ‘ನೆಗಡಿ. ಏನೂ ಕೇಳಲಿಲ್ಲ.’ ಮತ್ತೊಂದರಲ್ಲಿ ಮೂರು ತಾರೀಕು ಇದ್ದವು, ಮೂರರ ಮುಂದೆಯೂ ‘ಅರ್ಥವಾಗಲಿಲ್ಲ’ ಅಂತ ಬರೆದಿತ್ತು. ನನಗೆ ಆ ಮೂರನೆಯ ಸಲ ಬಹಳ ಇಷ್ಟವಾಯಿತು.

ಚೀಟಿಗಳನ್ನು ತೆಗೆಯಬೇಕಾ ಬೇಡವಾ ಅಂತ ಅಂಗಡಿಯಲ್ಲಿ ಚರ್ಚೆ ನಡೆಯಿತು. ಒಳಗೆ ಏನಾದರೂ ಕಾಗದ ಇದ್ದರೆ ಬೆಲೆ ಕಮ್ಮಿಯಾಗುತ್ತದೆ ಅಂತ ಒಬ್ಬರ ವಾದ. ಇರಲಿ ಬಿಡಿ ಅಂದರು ಮಾಲೀಕರು. ಸಂಗೀತ ವಿಭಾಗದ ವಿದ್ಯಾರ್ಥಿಗಳಲ್ಲಿ ಅದು ಹೇಗೋ ಸುದ್ದಿಯಾಗಿ, ಆ ಚೀಟಿಗಳಿಗಾಗಿಯೇ ಕೊಳ್ಳುವವರು ಬಂದರು. ಒಬ್ಬ ಹುಡುಗಿ ಎರಡು ವರ್ಷ ಬಿಟ್ಟು ಅದರಲ್ಲಿ ಕೆಲವನ್ನು ಮಾರಲು ತಂದಳು. ಪ್ರೊಫೆಸರರ ಸಾಲುಗಳ ಕೆಳಗೆ ನೀಲಿ ಶಾಯಿಯಲ್ಲಿ ಅವಳದೂ ತಾರೀಕು, ಅವಳದೂ ಸಾಲು. ಬಹಳ ಕಡೆ ಅವಳು ಅವರನ್ನು ಒಪ್ಪಿರಲಿಲ್ಲ.

ಇನ್ನು ಜೋಡಿಸುವ ತಲೆನೋವು. ಜೆತ್ರೋ ಟಲ್ ಅನ್ನುವುದು ಬ್ಯಾಂಡು, ಮನುಷ್ಯನಲ್ಲ. ಹಾಗಾಗಿ ಜೆ ಅಕ್ಷರದಲ್ಲಿ ಇಡಬೇಕು, ಟಿಯಲ್ಲಿ ಅಲ್ಲ. ಇಂಥದ್ದೆಲ್ಲ ಒಂದು ವಾರದಲ್ಲಿ ಬಾಯಿಪಾಠವಾಗುತ್ತದೆ. ಬಗೆಹರಿಯದ ಜಗಳ ನಮ್ಮ ಸಂಗೀತದ್ದು. ಅಲಿ ಅಕ್ಬರ್ ಖಾನರ ಸರೋದ್ 1955ರಲ್ಲೇ ಎಲ್‌ಪಿಯಾಗಿ ಪಶ್ಚಿಮದಲ್ಲಿ ಬಂದಿತ್ತು. ಪಿಟೀಲು ವಾದಕ ಯೆಹೂದಿ ಮೆನುಹಿನ್ ಅದರಲ್ಲಿ ಕೇಳುಗರಿಗೆ ಪರಿಚಯದ ಮಾತಾಡಿದ್ದಾರೆ. ಕರ್ನಾಟಕ ಸಂಗೀತದ ರಾಮನಾಡ್ ಕೃಷ್ಣನ್ ಅಮೆರಿಕದ ವೆಸ್ಲಿಯನ್ ಯೂನಿವರ್ಸಿಟಿಯಲ್ಲಿ ಪಾಠ ಮಾಡಲು ಹೋದಾಗ ನಾನ್‌ಸಚ್ ಕಂಪನಿ ಅವರ ಹಾಡುಗಾರಿಕೆಯನ್ನು ಎಲ್‌ಪಿ ಮಾಡಿತು. ಇಷ್ಟು ವರ್ಷವಾದರೂ ಇವರಿಬ್ಬರೂ ಅಂಗಡಿಯ ಹಿಂದಿನ ಮೂಲೆಯಲ್ಲಿ, ‘ವರ್ಲ್ಡ್ ಮ್ಯೂಸಿಕ್’ ಅನ್ನುವ ಕಾರ್ಡಿನ ಹಿಂದೆ, ಆಫ್ರಿಕಾದ ಡೋಲುಗಳ ಪಕ್ಕ ಕೂತಿದ್ದರು. ಆ ಕಾರ್ಡಿಗೂ ಒಂದು ಹುಟ್ಟುದಿನ ಇದೆ. 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಸಣ್ಣ ಸಣ್ಣ ರೆಕಾರ್ಡ್ ಕಂಪನಿಯವರು ಸೇರಿ, ಅಂಗಡಿಯವರಿಗೆ ಇದನ್ನೆಲ್ಲ ಎಲ್ಲಿಡಬೇಕು ಅಂತ ಗೊತ್ತಾಗುತ್ತಿಲ್ಲ, ಎಲ್ಲದಕ್ಕೂ ಸೇರಿ ಒಂದು ಕಾರ್ಡು ಇರಲಿ ಅಂತ ತೀರ್ಮಾನ ಮಾಡಿದರು. ನಾನು ರಾಮನಾಡ್ ಕೃಷ್ಣನ್ ಅವರನ್ನು ಕ್ಲಾಸಿಕಲ್ ಸಾಲಿಗೆ, ಬಾಖ್ ಮತ್ತು ಬ್ರಾಮ್ಸ್ ಇರುವ ಕಡೆಗೆ ಸಾಗಿಸುತ್ತಿದ್ದೆ. ಮರುದಿನ ಯಾರೋ ವಾಪಸ್ ಇಡುತ್ತಿದ್ದರು. ಕೊನೆಯವರೆಗೂ ಇದು ನಡೆಯಿತು. ಯಾರು ಅಂತ ಗೊತ್ತಾಗಲಿಲ್ಲ.

ಅಂಗಡಿಯಲ್ಲಿ ಏನು ಹಾಕಬೇಕು ಅನ್ನುವುದಕ್ಕೂ ನಿಯಮ ಇತ್ತು. ಸ್ಪೀಕರಿನಲ್ಲಿ ಬರುವುದು ಮಾರಾಟವಾಗುತ್ತದೆ. ಎಲ್‌ಪಿಯ ಒಂದು ಬದಿ ಇಪ್ಪತ್ತು ನಿಮಿಷದ ಆಸುಪಾಸು. ಬದಿ ಮುಗಿಯುವ ಮೊದಲು ಯಾರಾದರೂ ಕೌಂಟರಿಗೆ ಬಂದು ‘ಇದು ಯಾರು?’ ಅಂದರೆ ಗೆದ್ದಂತೆ. ಯಾರೂ ಕೇಳದಿದ್ದರೆ ಮುಂದಿನವರ ಸರದಿ. ಕೆಲಸಗಾರರ ನಡುವೆ ಇದು ಪಂದ್ಯವಾಗಿಬಿಟ್ಟಿತ್ತು. ಹಾಗೆ ಕೇಳಿದವರಿಗೆ ಏನು ಉತ್ತರ ಕೊಡುತ್ತೀರಿ ಅನ್ನುವುದರ ಮೇಲೆ ಅವರು ನಾಳೆ ಬರುತ್ತಾರಾ ಇಲ್ಲವಾ ನಿಂತಿರುತ್ತದೆ. ‘ಅಯ್ಯೋ, ಇದು ಗೊತ್ತಿಲ್ವಾ?’ ಅಂದರೆ ಮುಗಿಯಿತು, ಆ ಮುಖ ಮತ್ತೆ ಕಾಣುವುದಿಲ್ಲ. ಮೊದಲ ವರ್ಷದ ಹುಡುಗರಿಗೆ ಅಂಗಡಿಯ ಬಾಗಿಲು ದಾಟಲಿಕ್ಕೇ ಧೈರ್ಯ ಬೇಕಿತ್ತು. ಅದು ನಮ್ಮ ಪೈಕಿ ಕೆಲವರಿಗೆ ಕೊನೆಗೂ ಅರ್ಥವಾಗಲಿಲ್ಲ.

ಇಂಥ ಅಂಗಡಿಗಳಿಂದಲೇ ಬ್ಯಾಂಡುಗಳು ಹುಟ್ಟಿವೆ ಅನ್ನುವುದು ಬರೀ ಹೊಗಳಿಕೆಯ ಮಾತಲ್ಲ. ಅಮೆರಿಕದ ಜಾರ್ಜಿಯಾ ಯೂನಿವರ್ಸಿಟಿ ಇರುವ ಅಥೆನ್ಸ್ ಪಟ್ಟಣದಲ್ಲಿ ವಕ್ಸ್‌ಟ್ರಿ ಅಂತ ಅಂಗಡಿ. ಅಲ್ಲಿ ಪೀಟರ್ ಬಕ್ ಕೆಲಸಕ್ಕಿದ್ದರು. ಓದುತ್ತಿದ್ದ ಮೈಕಲ್ ಸ್ಟೈಪ್ ಗಿರಾಕಿ. ಗಿರಾಕಿ ಆರಿಸುತ್ತಿದ್ದ ರೆಕಾರ್ಡುಗಳನ್ನೇ ಕೆಲಸಗಾರನೂ ತನಗೆ ಅಂತ ಎತ್ತಿಟ್ಟುಕೊಳ್ಳುತ್ತಿದ್ದ ಅನ್ನುವುದರಿಂದ ಮಾತು ಶುರುವಾಯಿತು. 1980ರಲ್ಲಿ ಅವರಿಬ್ಬರೂ ಇದ್ದ ಆರ್‌ಇಎಂ ಬ್ಯಾಂಡ್ ಹುಟ್ಟಿತು. ಲಂಡನ್ನಿನ ರಫ್ ಟ್ರೇಡ್ 1976ರಲ್ಲಿ ಅಂಗಡಿಯಾಗಿ ಶುರುವಾಗಿ, ಎರಡೇ ವರ್ಷದಲ್ಲಿ ತಾನೇ ರೆಕಾರ್ಡ್ ತರುವ ಕಂಪನಿಯಾಯಿತು. ನಮ್ಮ ಅಂಗಡಿಯಿಂದ ಯಾರೂ ಅಷ್ಟು ದೊಡ್ಡವರಾಗಲಿಲ್ಲ. ‘ಡ್ರಮ್ಮರ್ ಬೇಕಾಗಿದ್ದಾರೆ’ ಅನ್ನುವ ಚೀಟಿ ಮಾತ್ರ ನೋಟಿಸ್ ಬೋರ್ಡಿನಲ್ಲಿ ಯಾವಾಗಲೂ ಇರುತ್ತಿತ್ತು. ಜಗತ್ತಿನಲ್ಲಿ ಗಿಟಾರಿನವರು ಜಾಸ್ತಿ, ಡ್ರಮ್ಮಿನವರು ಕಮ್ಮಿ ಅನ್ನುವುದು ನಾನು ಅಲ್ಲಿ ಕಲಿತ ಸತ್ಯ.

ಇನ್ನು ಬಿದ್ದ ಕಥೆ. ಎಲ್ಲರೂ ಇದನ್ನು ಮಾರಾಟ ಇಳಿದ ಕಥೆಯಾಗಿ ಹೇಳುತ್ತಾರೆ. ಕೌಂಟರಿನ ಈ ಕಡೆಯಿಂದ ನಾನು ಕಂಡದ್ದು ಸ್ವಲ್ಪ ಬೇರೆ.

1999ರಲ್ಲಿ ನ್ಯಾಪ್‌ಸ್ಟರ್ ಬಂತು, ಇಂಟರ್ನೆಟ್ಟಿನಲ್ಲಿ ಹಾಡುಗಳನ್ನು ಒಬ್ಬರಿಂದ ಒಬ್ಬರು ಪುಕ್ಕಟೆ ಇಳಿಸಿಕೊಳ್ಳುವ ಸಾಫ್ಟ್‌ವೇರ್. ಅದನ್ನು ಮಾಡಿದ ಶಾನ್ ಫ್ಯಾನಿಂಗ್ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಹುಡುಗ. ಅದು ಹಬ್ಬಿದ್ದೂ ಹಾಸ್ಟೆಲ್ಲುಗಳಲ್ಲೇ. ಮನೆಗಳಲ್ಲಿ ಇನ್ನೂ ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ತೆವಳುತ್ತಿದ್ದ ಕಾಲ. ವೇಗದ ಸಂಪರ್ಕ ಇದ್ದದ್ದು ಕ್ಯಾಂಪಸ್ಸುಗಳಲ್ಲಿ. 2000ದಲ್ಲಿ ಮೆಟಾಲಿಕಾ ಬ್ಯಾಂಡ್ ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕಿದಾಗ ಯೇಲ್, ಇಂಡಿಯಾನಾದಂಥ ಯೂನಿವರ್ಸಿಟಿಗಳ ಹೆಸರನ್ನೂ ಅದರಲ್ಲಿ ಸೇರಿಸಿತ್ತು. ಅಂದರೆ ಜಗತ್ತಿನ ಬೇರೆ ರೆಕಾರ್ಡ್ ಅಂಗಡಿಗಳಿಗೆ ಬಿಸಿ ತಟ್ಟುವ ಮೊದಲೇ ನಮ್ಮಂಥವರಿಗೆ ತಟ್ಟಬೇಕಿತ್ತು.

ಆದರೆ ಮೊದಮೊದಲು ತಟ್ಟಿದ್ದು ಬಿಸಿಯಲ್ಲ. ಪೆಟ್ಟಿಗೆಗಳು ಇದ್ದಕ್ಕಿದ್ದಂತೆ ಜಾಸ್ತಿಯಾದವು. ಆಗ ನಾನು ಎರಡನೇ ಅಂಗಡಿಯಲ್ಲಿದ್ದೆ. ಹುಡುಗರು ತಮ್ಮ ಸಿಡಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡು, ಡಿಸ್ಕುಗಳನ್ನು ನಮಗೆ ತಂದು ಸುರಿಯತೊಡಗಿದರು. ಊರು ಬಿಡುವವರೆಗೆ ಕಾಯಲೂ ಇಲ್ಲ, ವರ್ಷದ ನಡುವೆಯೇ ತಂದರು. 2001ರ ಕೊನೆಗೆ ಐಪಾಡ್ ಬಂದ ಮೇಲಂತೂ ಕಪಾಟು ಸಾಲಲಿಲ್ಲ. ಎಷ್ಟೊಂದು ಮಾಲು, ಎಷ್ಟು ಅಗ್ಗಕ್ಕೆ! ಒಂದಷ್ಟು ಕಾಲ ಅದು ಒಳ್ಳೆಯ ದಿನಗಳಂತೆಯೇ ಕಂಡಿತು. ಮಾಲೀಕರು ಹೊಸ ಕಪಾಟು ಮಾಡಿಸಿದರು.

ಹೋಗುವವರು ಬಿಟ್ಟದ್ದನ್ನು ಬರುವವರು ಕೊಳ್ಳುತ್ತಾರೆ ಅಂತ ಹೇಳಿದೆನಲ್ಲ, ಆ ಚಕ್ರದ ಅರ್ಧ ಮಾತ್ರ ತಿರುಗುತ್ತಿತ್ತು. ಬಿಡುವವರು ಬಿಟ್ಟರು, ಕೊಳ್ಳುವವರು ಬರಲಿಲ್ಲ. ಆಮೇಲೆ ಕೆಲವೇ ವರ್ಷಗಳಲ್ಲಿ ಬಿಡುವವರೂ ಇಲ್ಲವಾದರು. ಹೊಸದಾಗಿ ಬಂದು ಸೇರಿದ ಹುಡುಗರ ಹತ್ತಿರ ಮಾರಲು ಏನೂ ಇರಲಿಲ್ಲ. ಅವರ ಸಂಗೀತಕ್ಕೆ ತೂಕ ಇರಲಿಲ್ಲ. ನಾಲ್ಕು ವರ್ಷದ ಹಾಡುಗಳನ್ನೆಲ್ಲ ಜೇಬಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಮಾರಾಟ ಇಳಿದರೆ ಅಂಗಡಿ ಹೇಗೋ ತಡೆದುಕೊಳ್ಳುತ್ತದೆ. ಮಾಲು ಬರುವುದೇ ನಿಂತರೆ ಏನು ಮಾಡುವುದು? ಅಮೆರಿಕದಲ್ಲಿ ಟವರ್ ರೆಕಾರ್ಡ್ಸ್‌ನಂಥ ದೈತ್ಯ ಸರಪಳಿಯೇ 2006ರ ಕೊನೆಗೆ ಬಾಗಿಲು ಹಾಕಿತು. ನಮ್ಮದು ಯಾವ ಲೆಕ್ಕ. ಎರಡನೇ ಅಂಗಡಿ ಮುಚ್ಚಿದಾಗ ಕೊನೆಯ ದಿನದ ಮಾರಾಟ ಜೋರಾಗಿತ್ತು. ವರ್ಷಗಟ್ಟಲೆ ಬಾಗಿಲ ಕಡೆ ತಲೆ ಹಾಕದವರೆಲ್ಲ ಬಂದು ‘ಛೆ, ಎಂಥ ಅಂಗಡಿ’ ಅಂತ ಮರುಗಿ, ಅರ್ಧ ಬೆಲೆಗೆ ಕೊಂಡು ಹೋದರು. ನನಗೆ ಆ ದಿನ ಬೇಜಾರಿಗಿಂತ ಸಿಟ್ಟು ಬಂದದ್ದೇ ಜಾಸ್ತಿ.

ಆಮೇಲಿನದ್ದು ಎಲ್ಲರಿಗೂ ಗೊತ್ತು. ಸ್ವತಂತ್ರ ಅಂಗಡಿಗಳು ಸೇರಿ 2008ರ ಏಪ್ರಿಲ್‌ನಲ್ಲಿ ಮೊದಲ ರೆಕಾರ್ಡ್ ಸ್ಟೋರ್ ಡೇ ಮಾಡಿದವು. ಎಲ್‌ಪಿ ಮತ್ತೆ ಬಂತು. ಅಮೆರಿಕದಲ್ಲಿ 2020ರಲ್ಲಿ ಎಲ್‌ಪಿಗಳಿಂದ ಬಂದ ಹಣ ಸಿಡಿಗಳದ್ದನ್ನು ದಾಟಿತು, 1986ರಿಂದ ಈಚೆಗೆ ಮೊದಲ ಸಲ. 2022ರಲ್ಲಿ ಸಂಖ್ಯೆಯಲ್ಲೂ ದಾಟಿತು. ಹಳೆಯ ಗಿರಾಕಿಗಳು ಇದನ್ನು ತಮ್ಮ ಗೆಲುವು ಅಂದುಕೊಂಡಿದ್ದಾರೆ. ಆದರೆ ಅಂಗಡಿಗಳಲ್ಲಿ ನೋಡಿದರೆ ಕೊಳ್ಳುತ್ತಿರುವವರಲ್ಲಿ ಎಷ್ಟೋ ಮಂದಿ ಓದುವ ವಯಸ್ಸಿನವರು. ಕೇಳುವುದು ಫೋನಿನಲ್ಲಿ, ಕೊಳ್ಳುವುದು ರೆಕಾರ್ಡು. ಕೆಲವರ ರೂಮಿನಲ್ಲಿ ರೆಕಾರ್ಡ್ ಹಾಕುವ ಯಂತ್ರವೇ ಇಲ್ಲ. ಮೊದಲು ನನಗೆ ಇದು ನಗು ತರಿಸುತ್ತಿತ್ತು. ಈಗ ಅಷ್ಟಾಗಿ ಇಲ್ಲ. ಕೊಂಡು ಓದದ ಪುಸ್ತಕ ನನ್ನ ಹತ್ತಿರವೂ ಬೇಕಾದಷ್ಟಿವೆ.

ಬೆಲೆಯ ಚೌಕಾಸಿ ಮಾತ್ರ ಸತ್ತೇ ಹೋಗಿದೆ. 2000ದಲ್ಲಿ ಶುರುವಾದ ಡಿಸ್ಕಾಗ್ಸ್ ತಾಣದಲ್ಲಿ ಯಾವ ಅಚ್ಚು ಎಷ್ಟಕ್ಕೆ ಮಾರಿತು ಅನ್ನುವುದು ಎಲ್ಲರಿಗೂ ಕಾಣುತ್ತದೆ. ಮಾರುವವರೂ ಕೊಳ್ಳುವವರೂ ಫೋನು ಹಿಡಿದೇ ಮಾತಾಡುತ್ತಾರೆ. ಖಾಲಿ ಪಟ್ಟಿಯ ನಂಬರು ಓದುವ ವಿದ್ಯೆಯನ್ನು ನಾವು ಗುಟ್ಟಿನಂತೆ ಇಟ್ಟುಕೊಂಡಿದ್ದೆವು. ಈಗ ಅದು ಹದಿನೆಂಟರ ಹುಡುಗರಿಗೂ ಗೊತ್ತು. ಒಳ್ಳೆಯದೇ ಆಯಿತು ಅನ್ನಬೇಕು. ಅನ್ನಲು ಮನಸ್ಸಿಲ್ಲ.

ಇತ್ತೀಚೆಗೆ ಬೇರೊಂದು ಯೂನಿವರ್ಸಿಟಿಯ ಹತ್ತಿರದ ಅಂಗಡಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಬಲ್ಬಿನ ಕೆಳಗೆ ಒಂದು ಎಲ್‌ಪಿ ಓರೆ ಹಿಡಿದು ನೋಡುತ್ತಿದ್ದಳು. ಪಕ್ಕದಲ್ಲಿ ತುಂಬಿದ ಪೆಟ್ಟಿಗೆಗಳು. ನಾನೂ ಈ ಕೆಲಸ ಮಾಡಿದವನು ಅಂದೆ. ಸ್ವಲ್ಪ ಮಾತಾಡಿದಳು.

“ಕೊಳ್ಳೋರು ಇದ್ದಾರಾ?” ಅಂತ ಕೇಳಿದೆ.

“ಕೊಳ್ಳೋರಿಗೇನು, ಇದ್ದಾರೆ. ಮಾರೋಕೆ ಬರೋರು ಜಾಸ್ತಿ ಆಗಿದ್ದಾರೆ ಈಗ. ಎಲ್ಲಾ ಕೋರ್ಸ್ ಮುಗಿಸಿ ಹೋಗೋರು. ಇಡೋಕೆ ಜಾಗ ಇಲ್ಲ.”

ಒಂದನ್ನು ಹೊರಗೆ ತೆಗೆದು, ತೂತಿನ ಸುತ್ತ ಬೆರಳಿಟ್ಟು ತೋರಿಸಿದೆ. ಇಲ್ಲಿನ ಗೆರೆ ನೋಡಿದರೆ ಎಷ್ಟು ಸಲ ಹಾಕಿದ್ದಾರೆ ಅಂತ ಗೊತ್ತಾಗುತ್ತದೆ ಅಂದೆ. ಅವಳಿಗೆ ಅದು ಗೊತ್ತಿತ್ತು.

“ಗೊತ್ತು. ಆದ್ರೆ ಏನು ಉಪಯೋಗ? ಇವುಗಳಲ್ಲಿ ಅರ್ಧಕ್ಕರ್ಧ ಸೀಲೇ ಒಡೆದಿಲ್ಲ,” ಅಂದು ಇನ್ನೊಂದು ಪೆಟ್ಟಿಗೆ ಎಳೆದುಕೊಂಡಳು. “ಮಿಂಟ್ ಅಂತ ಬರೆದೂ ಬರೆದೂ ಸಾಕಾಗಿದೆ.”